ಜಮ್ಮಾ, ಬಾಣೆ, ಪೈಸಾರಿ: ಕೊಡಗಿನಲ್ಲಿ ಜಾಗ ಕೊಳ್ಳುವವರು ಮೊದಲು ಕಲಿಯಬೇಕಾದ ಮಾತುಗಳು

"ಪೇಪರ್ ಎಲ್ಲ ಕ್ಲಿಯರ್ ಇದೆ ಸಾರ್. ನೀವು ಅಡ್ವಾನ್ಸ್ ಕೊಟ್ಟರೆ ಮುಗೀತು."

ಪತ್ರ ಬರಹಗಾರನಾಗಿ ವಿರಾಜಪೇಟೆಯಲ್ಲಿ ಕೂತ ವರ್ಷಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಬಂದ ದಂಪತಿ, ಪಕ್ಕದಲ್ಲಿ ಬ್ರೋಕರ್, ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಫೈಲಿನೊಳಗೆ ಒಂದೇ ಒಂದು ಪಹಣಿ, ಅದೂ ಎರಡು ವರ್ಷ ಹಳೆಯದು. ಬೆಲೆ ಆಗಲೇ ಕುದುರಿರುತ್ತದೆ. ಪಹಣಿಯಲ್ಲಿರುವ ನಾಲ್ಕು ಪದಗಳ ಅರ್ಥ ಮಾತ್ರ ಯಾರೂ ಕೇಳಿರುವುದಿಲ್ಲ.

ಬಯಲುಸೀಮೆಯಲ್ಲಿ ಜಮೀನು ಕೊಂಡು ಅನುಭವ ಇದ್ದವರೂ ಕೊಡಗಿಗೆ ಬಂದಾಗ ಎಡವುತ್ತಾರೆ. ಇಲ್ಲಿನ ಭೂದಾಖಲೆಗೆ ಅರಸರ ಕಾಲದ ಒಂದು ಪದರ, ಬ್ರಿಟಿಷರ ಕಾಲದ ಇನ್ನೊಂದು ಪದರ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮತ್ತೊಂದು ಪದರ ಇದೆ. ಅಕ್ಕಪಕ್ಕದ ಎರಡು ತೋಟ, ಒಂದೇ ಮಣ್ಣು, ಒಂದೇ ರೊಬಸ್ಟಾ ಗಿಡ. ಆದರೂ ಒಂದನ್ನು ನಾಳೆಯೇ ನೋಂದಣಿ ಮಾಡಿಸಬಹುದು, ಇನ್ನೊಂದಕ್ಕೆ ಮೂವತ್ತು ಜನರ ಸಹಿ ಬೇಕಾಗಬಹುದು. ಹಾಗಾಗಿ ಬೆಲೆಯ ಮಾತನ್ನು ಕೊನೆಗಿಟ್ಟುಕೊಳ್ಳಿ. ಕೊಳ್ಳುವ ಕೆಲಸ ಹೇಗೆ ಸಾಗುತ್ತದೋ ಅದೇ ಸಾಲಿನಲ್ಲಿ ಮಾತುಗಳನ್ನು ಬಿಡಿಸುತ್ತಾ ಹೋಗುತ್ತೇನೆ.

ಮೊದಲ ಹೆಜ್ಜೆ: ಇದು ಯಾವ ಬಗೆಯ ಜಾಗ ಅಂತ ಕೇಳಿ

ಬ್ರೋಕರ್‌ಗೆ ಹಾಕಬೇಕಾದ ಮೊದಲ ಪ್ರಶ್ನೆ "ಏಕರೆಗೆ ಎಷ್ಟು?" ಅಲ್ಲ. "ಜಮ್ಮಾವೋ, ಸಾಗುವೋ?"

ಸಾಗು ಎಂದರೆ ಪೂರ್ತಿ ಕಂದಾಯ ಕಟ್ಟುವ ಸಾಮಾನ್ಯ ಹಿಡುವಳಿ ಜಮೀನು. ರಾಜ್ಯದ ಬೇರೆ ಕಡೆ ಪಟ್ಟಾ ಜಮೀನು ಎನ್ನುವುದಕ್ಕೆ ಇದು ಹತ್ತಿರ. ಕೊಳ್ಳುವವರಿಗೆ ಎಲ್ಲಕ್ಕಿಂತ ಸಲೀಸಾದ ಬಗೆ.

ಜಮ್ಮಾ ಹಾಗಲ್ಲ. ಜನ್ಮ ಎಂಬ ಪದದಿಂದಲೇ ಬಂದ ಹೆಸರು. ಅರಸರ ಕಾಲದಲ್ಲಿ ಸೈನ್ಯದ ಚಾಕರಿಗೆ ಪ್ರತಿಯಾಗಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಿಟ್ಟುಕೊಟ್ಟ ಜಮೀನು. ಕಂದಾಯ ಸಾಗುವಿನ ಅರ್ಧ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ ಮೇಲೂ ಪದ್ಧತಿ ಮುಂದುವರಿಯಿತು. 1899ರ ಕೂರ್ಗ್ ಭೂ ಮತ್ತು ಕಂದಾಯ ರೆಗ್ಯುಲೇಷನ್‌ನಲ್ಲಿ ಅದಕ್ಕೆ ಕಟ್ಟುಪಾಡೂ ಬಂತು: ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ, ಅಡವಿಡುವಂತಿಲ್ಲ. ಆ ರೆಗ್ಯುಲೇಷನ್ ಹೋಗಿ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆ ಬಂದು ಎಷ್ಟೋ ಕಾಲವಾಯಿತು, ಪದ ಮಾತ್ರ ದಾಖಲೆಯಿಂದ ಹೋಗಿಲ್ಲ. ಜಮ್ಮಾ ಜಮೀನು ಒಬ್ಬರ ಸ್ವತ್ತಲ್ಲ, ಒಕ್ಕದ, ಅಂದರೆ ಇಡೀ ಮನೆತನದ ಸ್ವತ್ತು. ಪಹಣಿಯಲ್ಲಿ ಪಟ್ಟೇದಾರರೊಬ್ಬರ ಹೆಸರಿದ್ದು ಮುಂದೆ "ಮತ್ತು ಇತರರು" ಎಂದಿದ್ದರೆ, ಆ ಇತರರು ಯಾರು ಎಂಬುದೇ ನಿಮ್ಮ ಅರ್ಧ ಕೆಲಸ. ಪಟ್ಟೇದಾರ ಎಂದರೆ ಕುಟುಂಬದ ಪರವಾಗಿ ಕಂದಾಯ ಕಟ್ಟುವ ಹಿರಿಯ. ಅವರೊಬ್ಬರೇ ಇಡೀ ಜಮೀನಿನ ಒಡೆಯರೆಂದು ತಿಳಿದು ಮುಂಗಡ ಕೊಟ್ಟವರನ್ನು ನಾನು ಬಹಳ ನೋಡಿದ್ದೇನೆ.

ಬಾಣೆ ಎಂಬುದು ಇಲ್ಲಿನ ಗದ್ದೆಯ ಜೊತೆಗಾರ. ಗದ್ದೆಗೆ ಹಸಿರೆಲೆ ಗೊಬ್ಬರ, ಮನೆಗೆ ಸೌದೆ, ದನಕ್ಕೆ ಮೇವು ಸಿಗಲಿ ಎಂದು ಗದ್ದೆಯ ಪಕ್ಕದ ಗುಡ್ಡವನ್ನು ಕಂದಾಯವಿಲ್ಲದೆ ಬಿಟ್ಟಿದ್ದರು. ಮುಂದೆ ಆ ಗುಡ್ಡಗಳಿಗೇ ಕಾಫಿ ಬಂತು. ಇವತ್ತು ನೀವು "ತೋಟ" ಎಂದು ನೋಡುತ್ತಿರುವ ಎಷ್ಟೋ ಜಾಗ ಕಾಗದದಲ್ಲಿ ಬಾಣೆ. ಜಮ್ಮಾ ಗದ್ದೆಗೆ ಸೇರಿದ್ದರೆ ಜಮ್ಮಾ ಬಾಣೆ, ಸಾಗು ಗದ್ದೆಗೆ ಸೇರಿದ್ದರೆ ಸಾಗು ಬಾಣೆ. ಬಾಣೆ ಜಮೀನಿನ ಒಡೆತನ ಯಾರದು ಎಂಬುದು ಹೈಕೋರ್ಟಿನವರೆಗೂ ಹೋದ ವಿಷಯ. ಜಮ್ಮಾ ಬಾಣೆ ಹಿಡುವಳಿದಾರರ ಹಕ್ಕನ್ನು ಗಟ್ಟಿ ಮಾಡಲೆಂದೇ 2011ರಲ್ಲಿ ಭೂ ಕಂದಾಯ ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು. ಹೀಗಾಗಿ ಬಾಣೆ ಕೊಳ್ಳುವವರು ಇದೇ ವಿಷಯದಲ್ಲಿ ಪಳಗಿದ ಸ್ಥಳೀಯ ವಕೀಲರಿಗೆ ಕಾಗದ ತೋರಿಸದೆ ಮುಂದಡಿ ಇಡಬೇಡಿ. ಬೆಂಗಳೂರಿನ ವಕೀಲರು ಎಷ್ಟೇ ದೊಡ್ಡವರಿರಲಿ, ಬಾಣೆ ಎಂದರೆ ಏನೆಂದು ನನ್ನನ್ನೇ ಫೋನ್ ಮಾಡಿ ಕೇಳಿದವರಿದ್ದಾರೆ.

ಬಾಣೆಯ ಬೆನ್ನಿಗೇ ಬರುವ ಇನ್ನೆರಡು ಪದ ರಿಡೀಮ್ಡ್, ಅನ್‌ರಿಡೀಮ್ಡ್. ಇದು ಮರದ ಲೆಕ್ಕ. ಜಮೀನಿನ ಮೇಲಿದ್ದ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿದ್ದರೆ ಅದು ರಿಡೀಮ್ಡ್. ಕಟ್ಟದಿದ್ದರೆ ಅನ್‌ರಿಡೀಮ್ಡ್, ಅಲ್ಲಿ ಮರದ ಹಕ್ಕು ಸರ್ಕಾರದ್ದು. ಮಾರುವವರು "ಬೀಟೆ ಮರವೇ ಇಷ್ಟು ಲಕ್ಷ ಬಾಳುತ್ತೆ" ಎಂದು ಬೆಲೆ ಏರಿಸುವಾಗ ಈ ಪದ ನೆನಪಿರಲಿ. ಅನ್‌ರಿಡೀಮ್ಡ್ ಜಾಗದ ಬೀಟೆಗೆ ನೀವು ಕೊಟ್ಟ ದುಡ್ಡು, ನಿಮ್ಮದಲ್ಲದ ಮರಕ್ಕೆ ಕೊಟ್ಟ ದುಡ್ಡು. ರಿಡೀಮ್ಡ್ ಆಗಿದ್ದರೂ ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಪೈಸಾರಿ ಎಂದರೆ ಸರ್ಕಾರಿ ಜಾಗ. ಇದರಲ್ಲಿ ಮರೆಮಾಚುವ ಮಾತೇ ಇಲ್ಲ. ಆದರೂ ವ್ಯಾಪಾರದಲ್ಲಿ ಹೀಗೊಂದು ಸಾಲು ಬರುತ್ತದೆ: "ಪಹಣಿ ಮೂರು ಏಕರೆ, ಜೊತೆಗೆ ಒಂದು ಏಕರೆ ಪೈಸಾರಿ ಅನುಭವದಲ್ಲಿದೆ." ಅನುಭವದಲ್ಲಿದೆ ಅಂದರೆ ಒತ್ತುವರಿ ಅಂತಲೇ ಅರ್ಥ. ಒತ್ತುವರಿ ಮಾಡಿ ಕಾಫಿ ಬೆಳೆದವರಿಗೆ ಗರಿಷ್ಠ 25 ಏಕರೆವರೆಗೆ 30 ವರ್ಷದ ಗುತ್ತಿಗೆ ಕೊಡುವ ಕಾನೂನು ಬಂದಿರುವುದು ನಿಜ. ಅದು ಗುತ್ತಿಗೆ, ಒಡೆತನವಲ್ಲ. ಆ ಒಂದು ಏಕರೆಯ ಬೆಲೆಯನ್ನು ಮಾತಿನಲ್ಲೇ ಸೊನ್ನೆ ಮಾಡಿಸಿ.

ಉಂಬಳಿ ಸಹ ಚಾಕರಿಗೆ ಬಿಟ್ಟ ಜಮೀನೇ, ಈಗ ಅಪರೂಪ. ದೇವರಕಾಡು ಮಾರುವ ವಸ್ತುವೇ ಅಲ್ಲ. ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ನೀವು ನೋಡಿದ ಜಾಗಕ್ಕೆ ಒಂದು ತಾಗಿಕೊಂಡಿದ್ದರೆ ಗಡಿ ಎಲ್ಲಿ ಎಂದು ಊರಿನವರನ್ನೇ ಕೇಳಿ. ಅವರಿಗೆ ನಕ್ಷೆಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಸರ್ಕಾರದಿಂದ ಮಂಜೂರಾದ ಜಮೀನು. ಸಾಗುವಳಿ ಚೀಟಿ, ಹಕ್ಕುಪತ್ರ, 94ಸಿ (ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮ ಮಾಡುವ ಕಲಂ) ಎಂಬ ಮಾತು ಕಿವಿಗೆ ಬಿದ್ದರೆ ಮಂಜೂರಾತಿ ಆದೇಶದ ಮೂಲ ಪ್ರತಿ ಕೇಳಿ ಓದಿ. "ಪರಭಾರೆ ಮಾಡತಕ್ಕದ್ದಲ್ಲ" ಎಂಬ ಷರತ್ತು ಅದರಲ್ಲಿರುತ್ತದೆ. ಪರಭಾರೆ ಎಂದರೆ ಮಾರಾಟ, ದಾನ, ಅಡವು ಹೀಗೆ ಯಾವುದೇ ದಾರಿಯಿಂದ ಇನ್ನೊಬ್ಬರ ಕೈಗೆ ದಾಟಿಸುವುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ (ಇಂಥ ಜಮೀನಿನ ಪರಭಾರೆ ತಡೆಯುವ) ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಬೇಕು. ಅದಿಲ್ಲದೆ ಕೊಂಡದ್ದು ಎಷ್ಟು ವರ್ಷದ ನಂತರವೂ ಮೂಲ ಮಂಜೂರುದಾರರ ಕಡೆಗೆ ಹಿಂತಿರುಗಬಹುದು. 2023ರ ತಿದ್ದುಪಡಿ ಕಾಲಮಿತಿಯ ತಕರಾರನ್ನೇ ತೆಗೆದುಹಾಕಿದೆ.

ಎರಡನೇ ಹೆಜ್ಜೆ: ಪಹಣಿಯನ್ನು ಕಾಲಂ ಹಿಡಿದು ಓದಿ

ಪಹಣಿ, ಆರ್‌ಟಿಸಿ ಎರಡೂ ಒಂದೇ. ಮಾರುವವರು ಕೊಟ್ಟ ಜೆರಾಕ್ಸ್ ಬೇಡ, ಕಂದಾಯ ಇಲಾಖೆಯ ಭೂಮಿ ಜಾಲತಾಣದಿಂದಲೋ ನಾಡಕಚೇರಿಯಿಂದಲೋ ಹೊಸದು ತೆಗೆಸಿ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು ಮತ್ತು ವಿಸ್ತೀರ್ಣ. 10ರಲ್ಲಿ ಆ ಹೆಸರು ಹೇಗೆ ಬಂತು ಎಂಬುದರ ಮ್ಯುಟೇಷನ್ (ಖಾತೆ ಬದಲಾವಣೆ) ಸಂಖ್ಯೆ. ಇಲ್ಲಿ ಜನ ಎಂ.ಆರ್. ನಂಬರ್ ಎನ್ನುತ್ತಾರೆ. 11ರಲ್ಲಿ ಹಕ್ಕು ಮತ್ತು ಋಣ, ಎಂದರೆ ಬ್ಯಾಂಕಿನ ಸಾಲ, ಸಹಕಾರ ಸಂಘದ ಬೆಳೆಸಾಲ, ಕೋರ್ಟಿನ ತಡೆಯಾಜ್ಞೆ. ಕಾಫಿ ತೋಟದ ಪಹಣಿಯಲ್ಲಿ 11ನೇ ಕಾಲಂ ಖಾಲಿ ಇರುವುದೇ ಅಪರೂಪ. ಸಾಲ ಇದೆ ಎಂದು ಹೆದರಬೇಕಿಲ್ಲ. ತೀರಿಸಿದ ಪತ್ರ ತಂದು, ಪಹಣಿಯಿಂದ ಆ ಸಾಲು ತೆಗೆಸಿದ ಮೇಲೆಯೇ ಉಳಿದ ಹಣ ಎನ್ನಿ, ಅಷ್ಟೆ.

3ನೇ ಕಾಲಂ ಹೆಚ್ಚಿನವರು ನೋಡುವುದೇ ಇಲ್ಲ. ಅಲ್ಲಿ ಖರಾಬು ಎಂದಿರುತ್ತದೆ. 'ಅ' ಖರಾಬು ಎಂದರೆ ಕೃಷಿಗೆ ಬಾರದ ಬಂಡೆಯಂಥ ಜಾಗ. 'ಬ' ಖರಾಬು ಸಾರ್ವಜನಿಕರಿಗೆ ಬಿಟ್ಟದ್ದು: ದಾರಿ, ತೋಡು (ಸಣ್ಣ ಹೊಳೆ). ಒಟ್ಟು ವಿಸ್ತೀರ್ಣದಿಂದ 'ಬ' ಖರಾಬು ಕಳೆದು ಉಳಿದದ್ದಕ್ಕೆ ಮಾತ್ರ ಬೆಲೆ ಕಟ್ಟಿ.

ಖಾತೆದಾರರು ತೀರಿಕೊಂಡು ಹೆಸರು ಹಾಗೇ ಉಳಿದಿದ್ದರೆ ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಆಗಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ. ವಂಶವೃಕ್ಷವನ್ನು ಕುಟುಂಬದವರು ಹೇಳಿದಷ್ಟಕ್ಕೇ ನಂಬದೆ ಊರಿನ ಇಬ್ಬರು ಹಿರಿಯರ ಮುಂದೆ ಓದಿಸಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಹೊರದೇಶದಲ್ಲಿರುವ ತಮ್ಮ, ಸೈನ್ಯದಲ್ಲಿರುವ ಅಣ್ಣನ ಮಗ ಇಂಥವರೇ ಬಿಟ್ಟುಹೋಗುವ ಹೆಸರು. "ಅವನದೇನೂ ತಕರಾರಿಲ್ಲ, ನಾನು ಹೇಳಿದರೆ ಮುಗೀತು" ಎಂದು ದೊಡ್ಡಣ್ಣ ಹೇಳಿದರೂ ಆ ಮಾತಿಗೆ ನೋಂದಣಿ ಕಚೇರಿಯಲ್ಲಿ ಬೆಲೆಯಿಲ್ಲ. ಅವನು ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕು, ಇಲ್ಲವೇ ಕ್ರಯಪತ್ರಕ್ಕೆ ಸಹಿ ಹಾಕಬೇಕು. ಪಾಲುದಾರರಲ್ಲಿ ಅಪ್ರಾಪ್ತ ಮಕ್ಕಳಿದ್ದರೆ ನ್ಯಾಯಾಲಯದ ಅನುಮತಿಯ ವಿಷಯವನ್ನು ವಕೀಲರಲ್ಲಿ ಕೇಳಲೇಬೇಕು.

ಮೂರನೇ ಹೆಜ್ಜೆ: ಅಳತೆ

ಕೊಡಗಿನಲ್ಲಿ ಮಾತು ನಡೆಯುವುದು ಏಕರೆ ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಏಕರೆ, ಒಂದು ಸೆಂಟಿಗೆ 435.6 ಚದರಡಿ. ಮೈಸೂರು ಕಡೆಯವರ ತಲೆಯಲ್ಲಿರುವುದು ಗುಂಟೆ: ನಲವತ್ತು ಗುಂಟೆಗೆ ಏಕರೆ, ಒಂದು ಗುಂಟೆಗೆ ಎರಡೂವರೆ ಸೆಂಟ್. ಒಬ್ಬರು ಫೋನಿನಲ್ಲಿ "ಎರಡು ಇಪ್ಪತ್ತು" ಎಂದದ್ದನ್ನು ಎರಡು ಏಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಏಕರೆ ಎಂದು ತಿಳಿದು ಒಟ್ಟು ಮೊತ್ತಕ್ಕೆ ಒಪ್ಪಿಕೊಂಡಿದ್ದರು. ಮಾರುವವರು ಹೇಳಿದ್ದು ಎರಡು ಏಕರೆ ಇಪ್ಪತ್ತು ಸೆಂಟ್. ಯಾರೂ ಸುಳ್ಳು ಹೇಳಿರಲಿಲ್ಲ, ಆದರೂ ಮೂವತ್ತು ಸೆಂಟ್ ಮಾಯ!

ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಸರ್ವೆ ಇಲಾಖೆಯವರು ಮಾರುವ ಭಾಗವನ್ನು ಅಳೆದು ಬರೆದುಕೊಡುವ ನಕ್ಷೆ. ಆ ಭಾಗಕ್ಕೆ ಬೇರೆ ನಂಬರ್ ಮಾಡಿಸುವುದು ಪೋಡಿ. ಇರುವ ಗಡಿಯನ್ನೇ ಮತ್ತೆ ಅಳೆದು ಕಲ್ಲು ಹಾಕಿಸುವುದು ಹದ್ದುಬಸ್ತು. ಪತ್ರದಲ್ಲಿ ಬರೆಯುವ ನಾಲ್ಕು ದಿಕ್ಕಿನ ಗಡಿ ಚಕ್ಕುಬಂದಿ. "ಪೂರ್ವಕ್ಕೆ ತೋಡು" ಎಂದು ಬರೆಸುವ ಮುನ್ನ ಆ ತೋಡಿನ ದಂಡೆಗೆ ಹೋಗಿ ನಿಂತು ಬನ್ನಿ. ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಕಾಡಿನ ನಡುವೆ ಹತ್ತಿಪ್ಪತ್ತು ಅಡಿ ಆಚೀಚೆ ತೋರಿಸಬಹುದು, ಆದರೂ ಬೇರೆ ಯಾರದೋ ತೋಟ ತೋರಿಸಿ ಮಾರುವವರನ್ನು ಹಿಡಿಯಲು ಅಷ್ಟು ಸಾಕು.

ಜಾಗ ನೋಡಲು ಹೋದಾಗ ದಾರಿಯ ಹಕ್ಕಿನ ಬಗ್ಗೆ ಕೇಳುವುದನ್ನು ಮರೆಯಲೇಬೇಡಿ. ಇಲ್ಲಿ ಒಂದು ತೋಟಕ್ಕೆ ಹೋಗಲು ಇನ್ನೊಬ್ಬರ ತೋಟ ದಾಟುವುದು ಮಾಮೂಲು. ಜೀಪು ಹೋಗುವುದು ಪ್ರೀತಿಯಿಂದಲೋ ಹಕ್ಕಿನಿಂದಲೋ? ಹಳೆಯ ಒಡೆಯರ ಜೊತೆಗಿದ್ದ ಪ್ರೀತಿ ನಿಮಗೆ ಬಳುವಳಿಯಾಗಿ ಬರುವುದಿಲ್ಲ. ನಕ್ಷೆಯಲ್ಲಿ ದಾರಿ ಇಲ್ಲದಿದ್ದರೆ ಪಕ್ಕದವರಿಂದ ದಾರಿಗೆಂದೇ ಒಂದು ನೋಂದಾಯಿತ ಪತ್ರ ಮಾಡಿಸಿ.

ಮಳೆಗಾಲದಲ್ಲಿ ಒಮ್ಮೆ ನೋಡಿ ಎಂದೂ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದ್ದು, 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ. "ವ್ಯೂ" ಎಂದು ಜಾಹೀರಾತಿನಲ್ಲಿ ಬರುವುದು ಬಹಳ ಸಲ ಕಡಿದಾದ ಇಳಿಜಾರಿನ ಇನ್ನೊಂದು ಹೆಸರು. ಅಲ್ಲಿ ಗುಡ್ಡ ಕೊರೆದು ಮನೆಗೆ ತಳ ಮಾಡಿದ್ದರೆ ನಾನಾದರೆ ಬೆಲೆ ಕೇಳುವುದಕ್ಕೂ ಹೋಗುವುದಿಲ್ಲ.

ನಾಲ್ಕನೇ ಹೆಜ್ಜೆ: ಇಸಿ, ಭೂಪರಿವರ್ತನೆ

ಇಸಿ ಎಂದರೆ ಋಣಭಾರ ಪ್ರಮಾಣಪತ್ರ. ಜಾಗದ ಮೇಲೆ ನೋಂದಾಯಿತ ವ್ಯವಹಾರ ಇದ್ದರೆ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತದೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದೀಚಿನದು ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಅರ್ಜಿ ಹಾಕಬೇಕು. ಕನಿಷ್ಠ ಮೂವತ್ತು ವರ್ಷದ್ದು ತೆಗೆಸಿ. ಇಸಿಯ ಒಂದು ಮಿತಿ ತಿಳಿದಿರಲಿ: ನೋಂದಣಿಯಾಗದ ಕೈಕರಾರು, ಬಾಯಿಮಾತಿನ ಭೋಗ್ಯ ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಇರುವ ದಾರಿ ಪಕ್ಕದ ತೋಟದವರ ಮನೆಯಲ್ಲಿ ಕೂತು ಒಂದು ಲೋಟ ಕಾಫಿ ಕುಡಿಯುವುದು.

ಕೃಷಿ ಜಮೀನು ಕೊಳ್ಳಲು ಕೃಷಿಕರೇ ಆಗಿರಬೇಕು ಎಂಬ ನಿರ್ಬಂಧ 2020ರಲ್ಲಿ ಹೋಯಿತು. ಆದರೆ ಆ ಜಮೀನಿನಲ್ಲಿ ರೆಸಾರ್ಟ್ ಕಟ್ಟಲು ಭೂಪರಿವರ್ತನೆ ಬೇಕು. ಇಲ್ಲಿ ಎಲ್ಲರೂ ಕನ್ವರ್ಷನ್ ಎನ್ನುವುದು ಇದನ್ನೇ. "ಕನ್ವರ್ಷನ್ ಆಗುತ್ತೆ ಬಿಡಿ" ಎಂಬ ಮಾತಿಗೂ "ಆಗಿದೆ" ಎಂಬ ಆದೇಶಕ್ಕೂ ಲಕ್ಷಗಳ ಅಂತರ. ಗದ್ದೆ, ಕಡಿದಾದ ಗುಡ್ಡ, ಅಭಯಾರಣ್ಯದ ಅಂಚು ಇವುಗಳಲ್ಲಿ ಆಗದೇ ಇರುವ ಸಾಧ್ಯತೆಯೇ ಜಾಸ್ತಿ. ಪಂಚಾಯಿತಿ ವ್ಯಾಪ್ತಿಯ ಮನೆ, ಸೈಟಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಕಂಪ್ಯೂಟರ್ ದಾಖಲೆ) ನಮೂನೆ 9 ಮತ್ತು 11 ಕೇಳಿ. 11ಬಿ ಕೊಟ್ಟರೆ ತಡೆದು ನಿಲ್ಲಿ. ಕ್ರಮಬದ್ಧ ಆಸ್ತಿಗೆ ಕೊಡುವ ನಮೂನೆ ಅದಲ್ಲ.

ಐದನೇ ಹೆಜ್ಜೆ: ಕರಾರು

ಮುಂಗಡ ಕೊಡುವ ದಿನ ಬರೆಯುವುದು ಕ್ರಯದ ಕರಾರು ಪತ್ರ, ಜನರ ಬಾಯಲ್ಲಿ ಅಗ್ರಿಮೆಂಟ್. ಕರಾರಿನಿಂದ ಜಾಗ ನಿಮ್ಮದಾಗುವುದಿಲ್ಲ, ಮುಂದೆ ಬರೆಸಿಕೊಳ್ಳುವ ಹಕ್ಕಷ್ಟೇ ಬರುತ್ತದೆ. ನೋಂದಣಿ ಮಾಡಿಸಿದರೆ ಇಸಿಯಲ್ಲಿ ಬರುತ್ತದೆ, ಅದೇ ಜಾಗವನ್ನು ಇನ್ನೊಬ್ಬರಿಗೆ ತೋರಿಸಿ ಮುಂಗಡ ಪಡೆಯುವುದು ಕಷ್ಟವಾಗುತ್ತದೆ. ಖರ್ಚಾಗುತ್ತದೆ ಎಂದು ಬಿಡಬೇಡಿ. ಮುಂಗಡವಾಗಲಿ ಬಾಕಿಯಾಗಲಿ ₹20,000 ಮತ್ತು ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಬ್ಯಾಂಕಿನ ಮೂಲಕವೇ ಕೊಡಿ.

ಕಾಫಿ ತೋಟದ ಕರಾರಿನಲ್ಲಿ ಫಸಲಿನ ಸಾಲು ಇರಲೇಬೇಕು. ಅಕ್ಟೋಬರ್‌ನಲ್ಲಿ ಕರಾರಾಗಿ ಮಾರ್ಚ್‌ನಲ್ಲಿ ನೋಂದಣಿಯಾದರೆ ನಡುವೆ ಬರುವ ಕಾಫಿ ಯಾರದು, ಬಳ್ಳಿಯಲ್ಲಿರುವ ಕರಿಮೆಣಸು ಯಾರದು? ಕರಿಮೆಣಸನ್ನು ಆಗಲೇ ಗುತ್ತಿಗೆಗೆ ಕೊಟ್ಟಿದ್ದಾರೋ? ಪಂಪ್‌ಸೆಟ್, ಪೈಪು, ಪಲ್ಪರ್, ಕಣ, ಲೈನ್‌ಮನೆ ಎಲ್ಲ ಸೇರಿದೆಯೋ? ಲೈನ್‌ಮನೆಯಲ್ಲಿ ಹದಿನೈದಿಪ್ಪತ್ತು ವರ್ಷದಿಂದ ಇರುವ ಕಾರ್ಮಿಕರಿದ್ದರೆ ಅವರಿಗೆ ಕೊಡಬೇಕಾದ ಬಾಕಿ ಯಾರ ಹೊಣೆ? ಇವನ್ನೆಲ್ಲ ಬರೆಸಿ. ನಾನು ಬರೆದ ಒಂದು ಕರಾರಿನಲ್ಲಿ ಫಸಲಿನ ಸಾಲು ಬಿಟ್ಟುಹೋಗಿತ್ತು. ಇಬ್ಬರೂ ಒಳ್ಳೆಯವರು, ಇಬ್ಬರೂ ಕೊಯ್ಯಲು ಆಳು ಕಳಿಸಿದರು. ಆ ದಿನ ನನಗೆ ಬಂದ ಫೋನುಗಳನ್ನು ಈಗಲೂ ಮರೆತಿಲ್ಲ.

ಜಿಪಿಎ, ಮುಕ್ತಿಯಾರ್‌ನಾಮೆ ಎರಡೂ ಒಂದೇ: ತನ್ನ ಪರವಾಗಿ ಸಹಿ ಹಾಕಲು ಇನ್ನೊಬ್ಬರಿಗೆ ಕೊಡುವ ಅಧಿಕಾರ. ಇದರಿಂದ ಒಡೆತನ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಕಡ್ಡಿ ಮುರಿದಂತೆ ಹೇಳಿದೆ. ಕೊಟ್ಟವರು ಬದುಕಿದ್ದಾರೋ ಎಂದೂ ನೋಡಿಕೊಳ್ಳಿ. ಸಾಮಾನ್ಯವಾಗಿ ಅವರು ತೀರಿಕೊಂಡ ದಿನವೇ ಆ ಅಧಿಕಾರವೂ ಮುಗಿಯುತ್ತದೆ. ದುಬೈನಿಂದಲೋ ಕೆನಡಾದಿಂದಲೋ ಬಂದದ್ದಾದರೆ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿರಬೇಕು.

ಆರನೇ ಹೆಜ್ಜೆ: ನೋಂದಣಿ ದಿನ

ಕ್ರಯಪತ್ರ ನೋಂದಣಿಯಾದಾಗಲೇ ಜಾಗ ಕೈದಾಟುವುದು. ಪ್ರತಿ ಊರಿಗೂ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆ ಇರುತ್ತದೆ. ಅದು, ನೀವು ಕೊಟ್ಟ ಬೆಲೆ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ. ಮುದ್ರಾಂಕ ಶುಲ್ಕ ಶೇ 5. ಗ್ರಾಮಾಂತರದಲ್ಲಿ ಸೆಸ್, ಸರ್‌ಚಾರ್ಜ್ ಸೇರಿ ಶೇ 5.65. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2. ನಲವತ್ತು ಲಕ್ಷದ ತೋಟಕ್ಕೆ ₹2,26,000 ಮತ್ತು ₹80,000, ಒಟ್ಟು ₹3,06,000. ಬರಹಗಾರನ ಕೂಲಿ ಬೇರೆ, ನಾವೂ ಬದುಕಬೇಕಲ್ಲ!

ಪತ್ರವನ್ನು ಸಹಿಗೆ ಮುಂಚಿನ ದಿನವೇ ಮನೆಗೆ ಒಯ್ದು ಓದಿ. ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ, ಆಧಾರ್‌ನಲ್ಲಿರುವಂತೆ ಹೆಸರು. ತಪ್ಪಿದ್ದು ನೋಂದಣಿಯಾದ ಮೇಲೆ ಕಂಡರೆ ತಿದ್ದುಪಡಿ ಪತ್ರಕ್ಕೆ ಅಷ್ಟೂ ಜನ ಮತ್ತೆ ಬರಬೇಕು. ಅವರನ್ನು ಒಂದು ದಿನ ಒಟ್ಟು ಸೇರಿಸಿದ್ದೇ ದೊಡ್ಡದಾಗಿರುತ್ತದೆ.

ಕೊನೆಯ ಹೆಜ್ಜೆ

ನೋಂದಣಿಯ ವಿವರ ಕಂಪ್ಯೂಟರಿನಲ್ಲೇ ಭೂಮಿ ಕೇಂದ್ರಕ್ಕೆ ಹೋಗುತ್ತದೆ. ನೋಟಿಸಿನ ಅವಧಿಯಲ್ಲಿ ತಕರಾರು ಬರದಿದ್ದರೆ ಮ್ಯುಟೇಷನ್ ಆಗಿ 9ನೇ ಕಾಲಂಗೆ ನಿಮ್ಮ ಹೆಸರು ಬರುತ್ತದೆ. ತಾನಾಗಿಯೇ ಆಗುತ್ತದೆಂದು ಸುಮ್ಮನೆ ಕೂರಬೇಡಿ. ತಿಂಗಳು ಕಳೆದ ಮೇಲೆ ಹೊಸ ಪಹಣಿ ತೆಗೆಸಿ ನೋಡಿ, ಆ ವರ್ಷದ ಕಂದಾಯ ನಿಮ್ಮ ಹೆಸರಿನಲ್ಲೇ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಹದ್ದುಬಸ್ತಿನ ಅರ್ಜಿಯನ್ನೂ ಬೇಸಿಗೆಯಲ್ಲೇ ಹಾಕಿ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಜಿಗಣೆ ತುಳಿದುಕೊಂಡು ಸರಪಳಿ ಎಳೆಯಲು ಯಾರೂ ಬರುವುದಿಲ್ಲ, ಅಷ್ಟರಲ್ಲಿ ಗಡಿಯ ಕಲ್ಲನ್ನು ಕಾಡುಬಳ್ಳಿ ಮುಚ್ಚಿರುತ್ತದೆ.